ಬೊಂಬೆ ತಾನೇ?

*ಇಂದಿನ ಧಮ್ಮ ಚಿಂತನೆ*




ಯಾರಿಗೂ ನೋವಾಗದ ಹೊಡೆತ ಹೊಡೆತವೇ? ಹೊಡೆಸಿಕೊಂಡದ್ದಕ್ಕೆ ಜೀವವಿಲ್ಲ, ಹೆಸರಿಲ್ಲ, ಮನೆಯಲ್ಲಿ ಕಾಯುವ ಹೆಂಡತಿ ಮಕ್ಕಳಿಲ್ಲ. ಹೊಡೆದವನು ತನ್ನ ಕೋಣೆಯಲ್ಲಿ ಕಣ್ಣಿಗೊಂದು ಪೆಟ್ಟಿಗೆ ಕಟ್ಟಿಕೊಂಡು ಗಾಳಿಯಲ್ಲಿ ಕೈ ಬೀಸಿದ, ಅಷ್ಟೇ. ಇದರಲ್ಲಿ ಶೀಲದ ಪ್ರಶ್ನೆ ಎಲ್ಲಿಂದ ಬಂತು? ಕಳೆದ ಎರಡು ಭಾನುವಾರ ನಮ್ಮ ಕೂಟದಲ್ಲಿ ಓದಬೇಕಿದ್ದ ಪಾಠವನ್ನು ಪಕ್ಕಕ್ಕಿಟ್ಟು ಇದನ್ನೇ ಮಾತಾಡಿದೆವು. ಬಾರದಿದ್ದವರಿಗಾಗಿ ಬರೆದು ಹಾಕಿ ಮಿಸ್ ಎಂದರು, ಬರೆದಿದ್ದೇನೆ. ಸ್ವಲ್ಪ ಉದ್ದವಾಯಿತು. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಓದಿ ಮುಗಿಸಬಹುದು, ಸೀಟು ಸಿಕ್ಕಿದರೆ.

ವಿಷಯ ಹುಟ್ಟಿದ್ದು ಮೈನ್‌ಕ್ರಾಫ್ಟ್ ಎಂಬ ಆಟದಿಂದ. ನಿಮ್ಮ ಮನೆಯ ಮಕ್ಕಳನ್ನು ಕೇಳಿ, ಗೊತ್ತಿರುತ್ತದೆ. 2011ರಲ್ಲಿ ಪೂರ್ಣ ರೂಪದಲ್ಲಿ ಬಂದ ಆಟ. ಅದರಲ್ಲಿ ಲೋಕವೆಲ್ಲ ಚೌಕದ ಕಲ್ಲುಗಳಿಂದಾಗಿರುತ್ತದೆ. ಒಂದೊಂದು ಕಲ್ಲೂ ಆಟದ ಲೆಕ್ಕದಲ್ಲಿ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರ. ಕಲ್ಲು ತೆಗೆಯಬಹುದು, ಇಡಬಹುದು, ಊರು ಕಟ್ಟಬಹುದು. ಇದನ್ನು ಕಂಪ್ಯೂಟರ್ ಪರದೆಯ ಮೇಲೆ ನೋಡುವುದು ಸಾಮಾನ್ಯ. ಪರದೆಯ ಒಳಗೇ ಹೋಗಿ ನಿಂತ ಹಾಗೆ ನೋಡಬೇಕಾದರೆ ವಿಆರ್ ಹೆಡ್‌ಸೆಟ್ ಬೇಕು, ಜೊತೆಗೆ ಒಂದು ಮಾಡ್ ಬೇಕು. ಆಟ ಮಾಡಿದ ಕಂಪನಿಯವರಲ್ಲದೆ ಹೊರಗಿನವರು ಬರೆದು ಸೇರಿಸುವ ಪ್ರೋಗ್ರಾಮಿಗೆ ಹುಡುಗರು ಮಾಡ್ ಎನ್ನುತ್ತಾರೆ. ಈ ಕೆಲಸಕ್ಕಿರುವ ಮಾಡ್‌ನ ಹೆಸರು ವೈವ್‌ಕ್ರಾಫ್ಟ್.

ಬಿಟಿಎಂ ಲೇಔಟಿನಲ್ಲಿರುವ ನಮ್ಮ ಅಕ್ಕನ ಮಗ ದ್ವಿತೀಯ ಪಿಯುಸಿ. ಯಾರೋ ಬಳಸಿ ಮಾರಿದ ಕ್ವೆಸ್ಟ್ 2 ಹೆಡ್‌ಸೆಟ್ ಕೊಂಡು ತಂದ. ಆಟದ ಜಾವಾ ಆವೃತ್ತಿ, ಅದಕ್ಕೆ ಫ್ಯಾಬ್ರಿಕ್ ಎಂಬ ಇನ್ನೊಂದು ಪ್ರೋಗ್ರಾಮು, ಅದರ ಮೇಲೆ ವೈವ್‌ಕ್ರಾಫ್ಟ್, ಹೆಡ್‌ಸೆಟ್ಟಿಗೂ ಕಂಪ್ಯೂಟರಿಗೂ ನಡುವೆ ಸ್ಟೀಮ್‌ವಿಆರ್, ಒಂದು ಒಳ್ಳೆಯ ಕೇಬಲ್ಲು. ಎಲ್ಲದರ ವರ್ಷನ್ ನಂಬರೂ ಒಂದಕ್ಕೊಂದು ಹೊಂದಬೇಕು. ಒಂದು ಹೆಚ್ಚುಕಡಿಮೆಯಾದರೂ ಆಟ ತೆರೆಯುವ ಮೊದಲೇ ಮುಚ್ಚಿಕೊಳ್ಳುತ್ತದೆ. ಮೂರು ವಾರ ಒದ್ದಾಡಿದ. "ಚಿಕ್ಕಮ್ಮ, ಇದಿದ್ರೆ ಅದು, ಇದಿಲ್ದಿದ್ರೆ ಅದೂ ಇಲ್ಲ, ಹಂಗಿದೆ ಇದರ ಕಥೆ" ಅಂದ. ಪಟಿಚ್ಚ ಸಮುಪ್ಪಾದವನ್ನು ನಾನು ಎರಡು ವರ್ಷದಿಂದ ಹೇಳಿಕೊಡುತ್ತಿದ್ದೇನೆ, ಇವನಿಗೆ ಕೇಬಲ್ ಹೇಳಿಕೊಟ್ಟಿತು.

ಅವನು ಕಟ್ಟಿದ್ದು ಕನಗನಹಳ್ಳಿಯ ಸ್ತೂಪ.

ಕಲಬುರಗಿ ಜಿಲ್ಲೆಯ ಸನ್ನತಿಯ ಹತ್ತಿರ, ಭೀಮಾ ನದಿಯ ದಂಡೆಯಲ್ಲಿರುವ ಕನಗನಹಳ್ಳಿ ನಿಮಗೆಲ್ಲ ಗೊತ್ತು. 1990ರ ದಶಕದಲ್ಲಿ ಪುರಾತತ್ತ್ವ ಇಲಾಖೆಯವರು ಅಗೆದಾಗ ಅಲ್ಲಿ ಮಹಾಸ್ತೂಪವೊಂದು ತುಂಡು ತುಂಡಾಗಿ ಸಿಕ್ಕಿತು. ರಾಣಿಯೊಂದಿಗೆ ನಿಂತ ಅಶೋಕನ ಶಿಲ್ಪ, ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಎಂಬ ಬರಹ ಸಿಕ್ಕಿದ್ದು ಅಲ್ಲೇ. ಸ್ತೂಪಕ್ಕೆ ಕಲ್ಲು ಕೊಡಿಸಿದ ದಾನಿಗಳ ಹೆಸರುಗಳೂ ಅಲ್ಲಿನ ಶಾಸನಗಳಲ್ಲಿವೆ. ಜಯನಗರದ ಅಶೋಕ ಪಿಲ್ಲರ್ ಮುಂದೆ ದಿನಾ ಸಿಗ್ನಲ್‌ಗೆ ಕಾಯುವ ನಮಗೆ ನಮ್ಮದೇ ರಾಜ್ಯದಲ್ಲಿ ಅಶೋಕನ ಮುಖವಿದೆ ಎನ್ನುವುದು ತಡವಾಗಿ ತಿಳಿದ ಸಂಗತಿ. ಜಯನಗರದ ಕಂಬ 1948ರದು. ಭೀಮಾ ತೀರದ ಆ ಕಲ್ಲು ಸುಮಾರು ಎರಡು ಸಾವಿರ ವರ್ಷದ್ದು.

ಹುಡುಗ ಆಟದಲ್ಲಿರುವ ಕ್ಯಾಲ್ಸೈಟ್ ಎಂಬ ಬಿಳಿಕಲ್ಲಿನಲ್ಲಿ ಗುಮ್ಮಟ ಎಬ್ಬಿಸಿದ. ಚೌಕದ ಕಲ್ಲಿನಲ್ಲಿ ದುಂಡು ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಶಿಲ್ಪಗಳನ್ನು ಕಡೆಯಲಂತೂ ಸಾಧ್ಯವೇ ಇಲ್ಲ. ಅದಕ್ಕೆ ಒಂದು ಉಪಾಯವಿದೆ. ಆಟದಲ್ಲಿ ಗೋಡೆಗೆ ತೂಗುಹಾಕುವ ಚಿತ್ರಪಟಗಳಿವೆ. ರಿಸೋರ್ಸ್ ಪ್ಯಾಕ್ ಎಂಬ ಫೈಲಿನಲ್ಲಿ ಆ ಚಿತ್ರಗಳನ್ನು ತೆಗೆದು ನಮ್ಮ ಚಿತ್ರ ಹಾಕಬಹುದು. ನಮ್ಮ ಕೂಟದವರು ಸನ್ನತಿಗೆ ಹೋದಾಗ ತೆಗೆದಿದ್ದ ಫೋಟೋಗಳನ್ನೇ ಹಾಕಿದ. ನಾನೂ ಹೆಡ್‌ಸೆಟ್ ಹಾಕಿಕೊಂಡು ನೋಡಿದೆ. ಮೂರನೇ ಮಹಡಿಯ ಆ ಪುಟ್ಟ ಕೋಣೆಯಲ್ಲಿ, ಅಕ್ಕನ ಬಟ್ಟೆ ಒಣಗಿಸುವ ಸ್ಟ್ಯಾಂಡು ಪಕ್ಕಕ್ಕೆ ಸರಿಸಿ ನಿಂತರೆ, ಕತ್ತೆತ್ತಿದಷ್ಟೂ ಮೇಲೇರುವ ಬಿಳಿಯ ಗುಮ್ಮಟ. ಬಲಗಡೆಗೆ ಸ್ತೂಪ ಇರುವಂತೆ ಸುತ್ತು ಬಂದೆ. ಪುಸ್ತಕದ ನಕ್ಷೆಯಲ್ಲಿ ಎಷ್ಟು ಸಲ ನೋಡಿದ್ದರೂ ಸ್ತೂಪ ಎಂದರೆ ಸುತ್ತು ಬರುವ ಜಾಗ ಎಂಬುದು ಕಾಲಿಗೆ ಗೊತ್ತಾಗಿರಲಿಲ್ಲ. ಅದು ಗೊತ್ತಾದದ್ದು ಈ ಆಟದಲ್ಲಿ. ಒಳ್ಳೆಯ ಕೆಲಸ ಮಾಡಿದ್ದಾನೆ, ಇದನ್ನು ಮೊದಲೇ ಹೇಳಿಬಿಡಬೇಕು.

ಎರಡನೆಯ ದೃಶ್ಯವನ್ನು ಸೇರಿಸಿದವರು ಅವನ ಗೆಳೆಯರು. ಮೈನ್‌ಕ್ರಾಫ್ಟ್‌ನಲ್ಲಿ ಹಳ್ಳಿಗರಿರುತ್ತಾರೆ. ದೊಡ್ಡ ಮೂಗು, ಕೈ ಕಟ್ಟಿಕೊಂಡು ನಿಲ್ಲುವವರು, ಯಾರ ತಂಟೆಗೂ ಹೋಗದವರು. ಅದೇ ರಿಸೋರ್ಸ್ ಪ್ಯಾಕ್‌ನಲ್ಲಿ ಅವರ ಮೈಮೇಲೆ ಬಣ್ಣ ಬದಲಾಯಿಸಿದರು. ತಲೆಗೆ ಜುಟ್ಟು, ಹೆಗಲಿಗೆ ಜನಿವಾರ. ಸ್ತೂಪದ ಸುತ್ತ ನಿಲ್ಲಿಸಿದರು. ಇವರು ಸ್ತೂಪ ಒಡೆಯಲು ಬಂದವರು, ಕತ್ತಿ ನಿನ್ನ ಕೈಯಲ್ಲಿದೆ, ಇದು ದೃಶ್ಯ. ಕೀಬೋರ್ಡಿನಲ್ಲಾದರೆ ಗುಂಡಿ ಒತ್ತಿದರಾಯಿತು. ವೈವ್‌ಕ್ರಾಫ್ಟ್‌ನಲ್ಲಿ ಹಾಗಲ್ಲ, ಭುಜದಿಂದ ಕೈ ಎತ್ತಿ ನಿಜವಾಗಿಯೂ ಬೀಸಬೇಕು. ಬೀಸಿದರು. ನಕ್ಕರು. ವಿಡಿಯೋ ಮಾಡಿ ನಮ್ಮ ಯುವಕರ ಗುಂಪಿಗೆ ಹಾಕಿದರು. ಅದು ಕೂಟಕ್ಕೆ ಬಂತು.

ನಮ್ಮ ಅಣ್ಣನವರು, ಬಸ್ ಡ್ರೈವರಾಗಿ ನಿವೃತ್ತರಾದವರು, ವಿಡಿಯೋ ನೋಡಿ ಹೇಳಿದ್ದು ಒಂದೇ ಮಾತು: "ಏನಾಯ್ತೀಗ? ಬೊಂಬೆ ತಾನೇ?"

ಅಣ್ಣನವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಪಾಣಾತಿಪಾತ ಆಗಬೇಕಾದರೆ ಐದು ಅಂಗಗಳು ಕೂಡಬೇಕು ಎಂದು ನಮ್ಮ ಅಟ್ಠಕಥೆಗಳು ಹೇಳುತ್ತವೆ. ಜೀವಿಯೊಂದು ಇರಬೇಕು, ಅದು ಜೀವಿ ಎಂಬ ತಿಳಿವಿರಬೇಕು, ಕೊಲ್ಲುವ ಮನಸ್ಸಿರಬೇಕು, ಪ್ರಯತ್ನ ನಡೆಯಬೇಕು, ಅದರಿಂದ ಜೀವ ಹೋಗಬೇಕು. ಆಟದ ಹಳ್ಳಿಗನಲ್ಲಿ ಜೀವವೇ ಇಲ್ಲ. ಬೀಸಿದ ಹುಡುಗನಿಗೂ ಅದು ಗೊತ್ತು. ಆದ್ದರಿಂದ ಮೊದಲ ಶೀಲ ಮುರಿಯಲಿಲ್ಲ. ಪಂಚಶೀಲ ಮುರಿಯಿತು ಎಂದು ಮಕ್ಕಳನ್ನು ಹೆದರಿಸುವುದು ಧಮ್ಮವನ್ನು ಮಡಿ ಮೈಲಿಗೆಯ ಮಟ್ಟಕ್ಕೆ ಇಳಿಸಿದ ಹಾಗೆ. ಅದೇ ಆಟದಲ್ಲಿ ಝಾಂಬಿಗಳು ಬರುತ್ತವೆ, ಹುಡುಗರು ರಾತ್ರಿಯೆಲ್ಲ ಹೊಡೆಯುತ್ತಾರೆ. ನನ್ನ ಅಭ್ಯಂತರ ನಿದ್ದೆಗೆಡುವುದಕ್ಕೆ ಮಾತ್ರ.

ಕೂಟದಲ್ಲಿ ಒಬ್ಬರು ಇನ್ನೂ ಮುಂದೆ ಹೋದರು. ಕಾಣುವ ಲೋಕವೇ ಮಾಯೆ, ಇದು ಮಾಯೆಯೊಳಗಿನ ಮಾಯೆ, ಇದಕ್ಕೇಕೆ ಇಷ್ಟು ಚರ್ಚೆ ಎಂದರು. ಈ ಮಾತು ನಮ್ಮ ಬಾಯಿಗೆ ಬೇರೆ ಮಠದಿಂದ ಬಂದದ್ದು. ದುಃಖ ಇದೆ ಎಂಬಲ್ಲಿಂದ ಶುರುಮಾಡಿದವರು ಬುದ್ಧರು. "ಬುದ್ಧ ಮತ್ತು ಅವನ ಧಮ್ಮ" ಗ್ರಂಥದಲ್ಲಿ ಬಾಬಾಸಾಹೇಬರು ಧಮ್ಮವನ್ನು ನಿಲ್ಲಿಸಿದ್ದು ಈ ಲೋಕದಲ್ಲಿ ಮನುಷ್ಯನಿಗೂ ಮನುಷ್ಯನಿಗೂ ಇರುವ ಸಂಬಂಧದ ಮೇಲೆ. ಎಲ್ಲವೂ ಮಾಯೆಯಾದರೆ ಕೆರೆಯಲ್ಲಿ ನೀರು ಮುಟ್ಟಲು ಬಿಡದವನ ತಪ್ಪೂ ಮಾಯೆಯೇ ಆಗಿ ಅವನು ಪಾರಾಗುತ್ತಾನೆ. ಇದನ್ನು ಇಲ್ಲಿಗೇ ಬಿಡೋಣ.

ಬೊಂಬೆ ತಾನೇ ಎಂಬ ಮಾತಿಗೆ ಮರಳುತ್ತೇನೆ. ಈ ಮಾತನ್ನು ನಾವು ಹೇಳಬಹುದೇ? ಬೇರೆಯವರು ಹೇಳಲಿ, ನಾವು?

1997ರ ಜುಲೈ 11ರ ಬೆಳಿಗ್ಗೆ ಮುಂಬಯಿಯ ಘಾಟ್‌ಕೋಪರಿನ ರಮಾಬಾಯಿ ಅಂಬೇಡ್ಕರ್ ನಗರದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದು ಕಂಡಿತು. ಜನ ಬೀದಿಗಿಳಿದರು. ಪೊಲೀಸರು ಗುಂಡು ಹಾರಿಸಿದರು. ಹತ್ತು ಜನ ಸತ್ತರು. ಪ್ರತಿಮೆಗೆ ನೋವಾಯಿತೇ? ಇಲ್ಲ. ಬಾಬಾಸಾಹೇಬರು ಪರಿನಿಬ್ಬಾಣ ಹೊಂದಿ ಆಗಲೇ ನಲವತ್ತು ವರ್ಷವಾಗಿತ್ತು. ಹಾಗಾದರೆ ಆ ಜನ ಬೀದಿಗಿಳಿದದ್ದು ಏತಕ್ಕೆ? ಆ ಹಾರ ಕಲ್ಲಿನ ಕೊರಳಿಗೆ ಹಾಕಿದ್ದಲ್ಲ, ಆ ಕೇರಿಯ ಒಬ್ಬೊಬ್ಬರ ಕೊರಳಿಗೆ ಹಾಕಿದ್ದು ಎಂದು ಅವರಿಗೆ ಗೊತ್ತಿತ್ತು. ಅಂದು ಯಾರಾದರೂ ಬಂದು "ಪ್ರತಿಮೆ ತಾನೇ" ಎಂದಿದ್ದರೆ ನಾವು ಒಪ್ಪುತ್ತಿದ್ದೆವೇ?

ನಾವೇ ಮಾಡಿದ ಸಾಂಕೇತಿಕ ಕೆಲಸವನ್ನೂ ನೋಡಿ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಮನುಸ್ಮೃತಿಯನ್ನು ಸುಟ್ಟರು. ಕಾಗದಕ್ಕೆ ನೋವಿಲ್ಲ. ಸುಟ್ಟದ್ದು ಒಂದು ಪ್ರತಿ, ಅಂಗಡಿಯಲ್ಲಿ ಬೇರೆ ಪ್ರತಿಗಳಿದ್ದವು. ಆದರೂ ಪ್ರತಿ ವರ್ಷ ಆ ದಿನವನ್ನು ನೆನೆಯುತ್ತೇವೆ. ಸಂಕೇತಕ್ಕೆ ಬೆಲೆಯಿದೆ, ಅದು ನಿಜವಾದ ಯಾವುದನ್ನೋ ತಾಗುತ್ತದೆ ಎಂದು ದೇಶಕ್ಕೆ ತೋರಿಸಿಕೊಟ್ಟವರು ನಾವು. ಡಿಸೆಂಬರ್ 25ಕ್ಕೆ ಸಂಕೇತ ದೊಡ್ಡದು, ನಮ್ಮ ಹುಡುಗ ಕತ್ತಿ ಬೀಸಿದಾಗ ಸಂಕೇತ ಬರೀ ಆಟ ಎಂದರೆ ಲೆಕ್ಕ ಕೂಡುವುದಿಲ್ಲ.

ಹಾಗಾದರೆ ನೋಡಬೇಕಾದದ್ದು ಸಂಕೇತ ಯಾರತ್ತ ತಿರುಗಿದೆ ಎಂಬುದನ್ನು. ಮಹಾಡಿನಲ್ಲಿ ಅದು ತಿರುಗಿದ್ದು ಪುಸ್ತಕದ ಕಡೆಗೆ, ಪುಸ್ತಕ ಕಟ್ಟಿದ ಕಟ್ಟಳೆಯ ಕಡೆಗೆ. ಅಂದಿನ ಗೊತ್ತುವಳಿಯನ್ನು ಮಂಡಿಸಿದವರು ಗಂಗಾಧರ ನೀಲಕಂಠ ಸಹಸ್ರಬುದ್ಧೆ, ಹುಟ್ಟಿನಿಂದ ಬ್ರಾಹ್ಮಣರು, ಬಾಬಾಸಾಹೇಬರ ಒಡನಾಡಿ. ನಮ್ಮ ಹುಡುಗರ ದೃಶ್ಯದೊಳಗೆ ಸಹಸ್ರಬುದ್ಧೆಯವರು ನಡೆದು ಬಂದರೆ ಏನಾಗುತ್ತದೆ ಯೋಚಿಸಿ. ಕತ್ತಿ ಮೊದಲು ಬೀಳುವುದು ಅವರ ಮೇಲೆ. ಕಟ್ಟಳೆಯನ್ನು ನೋಡುವ ಕಣ್ಣು ಆ ಬಣ್ಣಕ್ಕಿಲ್ಲ, ಮೈಮೇಲಿನ ಗುರುತನ್ನು ನೋಡುವ ಕಣ್ಣು ಮಾತ್ರ ಇದೆ. ಹೆಸರು ಕೇಳದೆ, ಮಾಡಿದ್ದೇನು ಎಂದು ಕೇಳದೆ, ಹುಟ್ಟಿನ ಗುರುತು ನೋಡಿ ಒಬ್ಬನಿಗೆ ಏನು ಸಲ್ಲಬೇಕು ಎಂದು ತೀರ್ಮಾನಿಸುವ ಪದ್ಧತಿಗೆ ಒಂದು ಹೆಸರಿದೆ. ಅದರ ಹೆಸರನ್ನು ನಿಮಗೆ ನಾನು ಹೇಳಬೇಕಾಗಿಲ್ಲ. 1938ರ ಫೆಬ್ರುವರಿಯಲ್ಲಿ ಮನ್ಮಾಡಿನಲ್ಲಿ ರೈಲ್ವೆ ಕಾರ್ಮಿಕರ ಮುಂದೆ ಬಾಬಾಸಾಹೇಬರು ಬ್ರಾಹ್ಮಣಶಾಹಿಯನ್ನು ಶತ್ರು ಎಂದಾಗ, ಅದು ಒಂದು ಜಾತಿಯವರನ್ನು ಕುರಿತ ಮಾತಲ್ಲ, ಸ್ವಾತಂತ್ರ್ಯ ಸಮಾನತೆ ಬಂಧುತ್ವಗಳನ್ನು ನಿರಾಕರಿಸುವ ಮನೋಭಾವ ಎಂದು ಬಿಡಿಸಿ ಹೇಳಿದ್ದು ಇದೇ ಕಾರಣಕ್ಕೆ. ಆ ಮನೋಭಾವ ಎಲ್ಲ ಜಾತಿಯಲ್ಲೂ ಇರಬಲ್ಲದು ಎಂದೂ ಹೇಳಿದರು.

ಹತ್ತು ಅಕುಶಲ ಕಮ್ಮಗಳಲ್ಲಿ ಮೂರು ಬರೀ ಮನಸ್ಸಿನವು. ಅದರಲ್ಲಿ ಒಂದು ವ್ಯಾಪಾದ, ಇನ್ನೊಬ್ಬರು ಹಾಳಾಗಲಿ ಎಂಬ ದ್ವೇಷ. ಅದಕ್ಕೆ ಕೈಯೂ ಬೇಡ, ಕತ್ತಿಯೂ ಬೇಡ. ಆದರೆ ದ್ವೇಷ ತಿರುಗಲು ಒಬ್ಬ ಜೀವಿ ಬೇಕು. ಝಾಂಬಿಯ ಹಿಂದೆ ಯಾರೂ ಇಲ್ಲ. ಜುಟ್ಟು ಜನಿವಾರ ಬರೆದ ಕ್ಷಣ ಬೊಂಬೆಯ ಹಿಂದೆ ಜನ ಬಂದು ನಿಲ್ಲುತ್ತಾರೆ. ಅವರಲ್ಲಿ ನಮ್ಮನ್ನು ಹೊರಗೆ ನಿಲ್ಲಿಸಿದವರೂ ಇರುತ್ತಾರೆ, ಹುಡುಗನ ತರಗತಿಯಲ್ಲಿ ಪಕ್ಕದ ಬೆಂಚಿನವನೂ ಇರುತ್ತಾನೆ. ಬಣ್ಣ ಇಬ್ಬರನ್ನೂ ಒಂದೇ ಮಾಡುತ್ತದೆ. ಚೇತನವೇ ಕಮ್ಮ ಎಂದು ಬುದ್ಧರು ಹೇಳಿದ್ದು ಇಂಥ ಕಡೆಗೇ ಅನ್ವಯ. ಏಟು ಯಾರಿಗೂ ಬೀಳಲಿಲ್ಲ, ಆದರೆ ಒಂದು ಭುಜ ಒಂದು ಗುರುತನ್ನು ಕಂಡು ಏಳುವುದನ್ನು ನೂರು ಸಲ ಅಭ್ಯಾಸ ಮಾಡಿತು. ಶಾಲೆಯಲ್ಲಿ ಇಪ್ಪತ್ತು ವರ್ಷ ಕಾಪಿ ಬರೆಸಿದವಳು ನಾನು. ನೂರು ಸಲ ಮಾಡಿದ್ದು ಕೈಯಲ್ಲಿ ಉಳಿಯುತ್ತದೆ.

ಆಟದ ಬಗ್ಗೆ ಒಂದು ಮಾತು, ಹುಡುಗನೇ ನನಗೆ ಹೇಳಿದ್ದು. ಮಾಮೂಲಿಯಾಗಿ ಆಡುವಾಗ ಹಳ್ಳಿಗನನ್ನು ಹೊಡೆದರೆ ಉಳಿದ ಹಳ್ಳಿಗರ ನಡುವೆ ಸುದ್ದಿ ಹಬ್ಬುತ್ತದೆ, ಅವರು ಮಾರುವ ಸಾಮಾನಿನ ಬೆಲೆ ಏರುತ್ತದೆ. ಊರಿನ ಕಾವಲಿಗಿರುವ ಕಬ್ಬಿಣದ ದೈತ್ಯ, ಐರನ್ ಗೋಲೆಮ್, ನಿಮ್ಮ ಮೇಲೆ ಬೀಳುತ್ತಾನೆ. ಹುಡುಗರು ಇದನ್ನು ತಪ್ಪಿಸಲು ಕ್ರಿಯೇಟಿವ್ ಮೋಡ್‌ನಲ್ಲಿ ಆಡಿದರು. ಅಲ್ಲಿ ಆಡುವವನಿಗೆ ಏಟು ತಾಗುವುದಿಲ್ಲ. ಕಮ್ಮ ಇದೆ, ವಿಪಾಕ ಇಲ್ಲ. ಈ ಮೋಡ್‌ನಲ್ಲಿ ನಮ್ಮ ಹಳ್ಳಿಗಳನ್ನು ಸಾವಿರ ವರ್ಷ ಆಳಿದವರು ಯಾರು ಎಂದು ಕೇಳಿದೆ. ಹುಡುಗ ನಕ್ಕ. ಅಣ್ಣನವರು ನಗಲಿಲ್ಲ.

ಇನ್ನು ಸ್ತೂಪ ಒಡೆದವರ ವಿಚಾರ. ಕನಗನಹಳ್ಳಿಯ ಕಲ್ಲುಗಳಲ್ಲಿ ಕೊಡಿಸಿದವರ ಹೆಸರಿದೆ, ಕೆಡವಿದವರ ಹೆಸರಿಲ್ಲ. ಆದ್ದರಿಂದ ದೃಶ್ಯ ಕಟ್ಟುವವನು ಅಪರಾಧಿಯನ್ನೂ ತಾನೇ ಕಟ್ಟಬೇಕಾಯಿತು. ಪಕ್ಕದ ಸನ್ನತಿಯಲ್ಲಿ ಏನಾಗಿತ್ತು ನೆನಪಿಸಿಕೊಳ್ಳಿ. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದ ಕಾಳಿ ಗುಡಿ ಕುಸಿದಾಗ, ವಿಗ್ರಹದ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಎಂದು ತಿಳಿಯಿತು. ವಿಗ್ರಹ ನಿಲ್ಲಿಸಲು ಅದರ ನಡುವೆ ತೂತು ಕೊರೆದಿದ್ದರು, ಅಕ್ಷರಗಳು ಹೋಗಿದ್ದವು. ಆ ಕಲ್ಲಿನಲ್ಲಿದ್ದ ಶಾಸನಗಳಲ್ಲಿ ಒಂದು ಹನ್ನೆರಡನೆಯದು. ತನ್ನ ಪಂಥವನ್ನೇ ಹೊಗಳಿ ಇನ್ನೊಬ್ಬರ ಪಂಥವನ್ನು ಹಳಿಯಬಾರದು, ನಾಲಗೆ ಹಿಡಿತದಲ್ಲಿರಬೇಕು ಎನ್ನುವ ಶಾಸನ. ಅದರ ನಡುವೆಯೇ ತೂತು! ಸನ್ನತಿಯಿಂದ ಬಂದವರು ಇದನ್ನು ಹೇಳಿದಾಗ ನನಗೂ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಆದರೆ ತೂತು ಕೊರೆದ ಉಳಿ ಯಾರ ಕೈಯಲ್ಲಿತ್ತು? ಬ್ರಾಹ್ಮಿ ಲಿಪಿ ಜನರಿಗೆ ಮರೆತುಹೋಗಿತ್ತು, ಅದನ್ನು ಜೇಮ್ಸ್ ಪ್ರಿನ್ಸೆಪ್ ಮತ್ತೆ ಓದಿದ್ದು 1837ರಲ್ಲಿ. ಕೊರೆದವನಿಗೆ ಬಹುಶಃ ಓದಲು ಬರುತ್ತಿರಲಿಲ್ಲ. ಈ ನಾಡಿನಲ್ಲಿ ಗುಡಿಗೆ ಕಲ್ಲು ಹೊತ್ತವರು, ಗುಡಿ ಮುಗಿದ ಮೇಲೆ ಹೊರಗೆ ನಿಂತವರು ಯಾರು? ಆ ಉಳಿ ಹಿಡಿದವನು ನನ್ನ ನಿಮ್ಮ ಅಜ್ಜನ ಅಜ್ಜನೇ ಆಗಿದ್ದರೂ ಆಶ್ಚರ್ಯವಿಲ್ಲ. ಅವನ ತಲೆಗೆ ಯಾವ ಬಣ್ಣ ಬಳಿಯೋಣ?

ಅಣ್ಣನವರ ಎರಡನೆಯ ಮಾತು ಮೊದಲನೆಯದಕ್ಕಿಂತ ಕಷ್ಟದ್ದು. "ಮೇಡಂ, ನಮ್ಮ ಅಪ್ಪ ಹೊಡೆಸಿಕೊಂಡಾಗ ಅವರಿಗೆ ಜೀವ ಇತ್ತು. ನಾವು ಬೊಂಬೆಗೂ ಒಂದು ಏಟು ಹಾಕಬಾರದಾ?" ಕೂಟ ಸುಮ್ಮನಾಯಿತು. ಕೋಪವೇ ತಪ್ಪು ಎಂದು ಅವರಿಗೆ ಹೇಳುವ ಯೋಗ್ಯತೆ ನನಗಿಲ್ಲ, ಯಾರಿಗೂ ಇಲ್ಲ. ಹೊಡೆಸಿಕೊಂಡವನಿಗೆ ಶಾಂತಿ ಬೋಧಿಸುವುದು ಹೊಡೆದವನಿಗೆ ಮಾಡುವ ಸಹಾಯವೇ ಎಷ್ಟೋ ಸಲ.

ಆದರೆ ಆ ಕೋಪ ಎಲ್ಲಿ ಹೋಗಿ ತಲುಪುತ್ತಿದೆ ಎಂದು ಕೇಳುವ ಹಕ್ಕು ನಮಗಿದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ನಮ್ಮ ಏಳು ಜನರನ್ನು ಮನೆಯೊಳಗೆ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅಲ್ಲಿ ಆರೋಪ ಹೊತ್ತವರು ಜುಟ್ಟು ಜನಿವಾರದವರಲ್ಲ, ಊರಿನ ಬಲಾಢ್ಯ ರೈತ ಜಾತಿಯವರು. ನಮ್ಮ ಹುಡುಗರ ಕತ್ತಿ ಕಂಬಾಲಪಲ್ಲಿಯ ಹತ್ತಿರಕ್ಕೂ ಹೋಗುವುದಿಲ್ಲ. ಕಂಬಾಲಪಲ್ಲಿ ಎಂದರೆ ಏನು ಎಂದು ಆ ಮೂವರನ್ನು ಕೇಳಿದೆ. ಗೊತ್ತಿರಲಿಲ್ಲ. ಇದು ನನ್ನನ್ನು ವಿಡಿಯೋಗಿಂತ ಹೆಚ್ಚು ಕಾಡಿತು. ಕೋಪ ಇದೆ, ಅದರ ಕಥೆ ಗೊತ್ತಿಲ್ಲ. ಹತ್ತು ನಿಮಿಷ ಕೈ ಬೀಸಿ, ಬೆವರಿ, ಹೆಡ್‌ಸೆಟ್ ತೆಗೆದಿಟ್ಟು ಊಟಕ್ಕೆ ಹೋಗುತ್ತಾರೆ, ಮನಸ್ಸು ಹಗುರ. ಹಗುರವಾದ ಮನಸ್ಸು ಸಾಕ್ಷಿ ಹೇಳಲು ಕೋರ್ಟಿನ ಮೆಟ್ಟಿಲು ಹತ್ತುತ್ತದೆಯೇ ಎಂಬುದು ನನ್ನ ಅನುಮಾನ.

1927ರ ಮಾರ್ಚ್ 20ರಂದು ಚವದಾರ ಕೆರೆಯ ನೀರು ಕುಡಿದ ಮೇಲೆ ನಮ್ಮವರ ಮೇಲೆ ಹಲ್ಲೆಯಾಯಿತು. ತಿರುಗಿ ಹೊಡೆಯಲು ಸಿದ್ಧರಾಗಿದ್ದವರು ಸಾಕಷ್ಟಿದ್ದರು, ಸೈನ್ಯದಲ್ಲಿ ದುಡಿದು ಬಂದವರೂ ಇದ್ದರು. ಬಾಬಾಸಾಹೇಬರು ಅವರನ್ನು ತಡೆದರು. ತಡೆದು ಮನೆಗೆ ಕಳಿಸಿ ಸುಮ್ಮನಾಗಲಿಲ್ಲ. ಕೆರೆಯ ಹಕ್ಕಿಗಾಗಿ ಹತ್ತು ವರ್ಷ ಕೋರ್ಟಿನಲ್ಲಿ ಹೋರಾಡಿದರು, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಕೋಪವನ್ನು ಹತ್ತು ವರ್ಷ ಆರದಂತೆ, ಯಾರ ಮನೆಯನ್ನೂ ಸುಡದಂತೆ ಇಟ್ಟುಕೊಳ್ಳುವುದು ಹೇಗೆ? ಮಕ್ಕಳಿಗೆ ನಾವು ಕಲಿಸಬೇಕಾದ ಪಾಠದಲ್ಲಿ ಇದು ಎಲ್ಲಕ್ಕಿಂತ ಕಠಿಣ, ಇದಕ್ಕೆ ಸುಲಭದ ಮಾಡ್ ಯಾರೂ ಬರೆದಿಲ್ಲ.

ಸದ್ಯದ ಸ್ಥಿತಿ ಇಷ್ಟು. ಅಣ್ಣನವರು ಪೂರ್ತಿ ಒಪ್ಪಿಲ್ಲ, ಮುಂದಿನ ಸಲವೂ ವಾದ ಮಾಡುತ್ತೇನೆ ಎಂದಿದ್ದಾರೆ. ಗೆಳೆಯರಲ್ಲಿ ಒಬ್ಬ ಆ ದೃಶ್ಯವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಾಗೇ ಉಳಿಸಿಕೊಂಡಿದ್ದಾನೆ, ಅಳಿಸು ಎಂದು ನಾವು ಹೇಳಿಲ್ಲ. ಅಕ್ಕನ ಮಗ ಮಾತ್ರ ಹಳ್ಳಿಗರಿಗೆ ಬೇರೆ ಬಟ್ಟೆ ಬರೆಯಲು ಕೂತಿದ್ದಾನೆ. ಕಲ್ಲು ಕೊಡಿಸಿದ ದಾನಿಗಳನ್ನು, ಕಲ್ಲು ಹೊತ್ತವರನ್ನು ಸ್ತೂಪದ ಸುತ್ತ ನಿಲ್ಲಿಸಬೇಕಂತೆ. ಆ ಕಾಲದಲ್ಲಿ ಭಿಕ್ಖುನಿಯರು ಚೀವರ ಹೇಗೆ ಉಡುತ್ತಿದ್ದರು, ಕೆಲಸದ ಹೆಂಗಸರು ಏನು ಉಡುತ್ತಿದ್ದರು ಎಂದು ಕೇಳುತ್ತಿದ್ದಾನೆ. ಸನ್ನತಿಯಲ್ಲಿ ಶಿಲ್ಪಗಳ ಫೋಟೋ ಹತ್ತಿರದಿಂದ ತೆಗೆದವರು ದಯವಿಟ್ಟು ಈ ಗುಂಪಿಗೆ ಕಳಿಸಿ. ಫಾರ್ವರ್ಡ್ ಆಗಿ ಮಸುಕಾದದ್ದು ಬೇಡ, ಫೋನಿನಲ್ಲಿರುವ ಮೂಲ ಫೋಟೋವನ್ನೇ ಡಾಕ್ಯುಮೆಂಟ್ ಆಗಿ ಕಳಿಸಿ.

ಭಾನುವಾರ ಬೆಳಿಗ್ಗೆ ತ್ರಿಶರಣ ಪಂಚಶೀಲ ಆದ ಮೇಲೆ ಹೆಡ್‌ಸೆಟ್ ತರುತ್ತಾನೆ. ಒಬ್ಬೊಬ್ಬರಿಗೆ ಐದು ನಿಮಿಷ. ತಲೆಸುತ್ತು ಬರುವವರು ಕುರ್ಚಿಯಲ್ಲಿ ಕೂತೇ ನೋಡಿ.

ಭವತು ಸಬ್ಬ ಮಂಗಲಂ. ಜೈ ಭೀಮ್.